ಎಲ್ಲದಕ್ಕೂ ತಿರುಗುತ್ತಿದ್ದ ಬೀಗ

"ತಾಳ್ಮೆಯವರು ಎನ್ನಿಸಿಕೊಂಡವರು ಒಂದೇ ದಿನದಲ್ಲಿ ಕಲ್ಲಾಗಿಬಿಟ್ಟರೆ, ಆ ತಾಳ್ಮೆ ಮೊದಲಿನಿಂದಲೂ ಸುಳ್ಳಾಗಿತ್ತು ಎಂದೇ ಅಲ್ಲವೇ ಅಯ್ಯನವರೇ?"

ಚನ್ನವೀರ ಕೂರುವ ಮೊದಲೇ ಇದನ್ನು ಕೇಳಿದ. ಬೆಳಗಿನ ಮೊದಲ ಬಸ್ಸಿಗೆ ಹೊರಟು ಮಠದ ಪಾಠಶಾಲೆಗೆ ಬಂದಿದ್ದ. ದಾರಿಯುದ್ದಕ್ಕೂ ಈ ಒಂದು ಮಾತನ್ನೇ ಅಗಿಯುತ್ತ ಬಂದಿದ್ದ. ಮೂರು ವರ್ಷದಿಂದ ಅವನು ಮರುಳಯ್ಯನವರ ಶಿಷ್ಯ. ಅವರ ಮುಂದೆ ಇಷ್ಟು ಜೋರಾಗಿ ಮಾತಾಡಿದ್ದು ಇದೇ ಮೊದಲು.

ಮರುಳಯ್ಯನವರು ಹಾಳೆ ಕಳಚಿದ್ದ ಪುಸ್ತಕವೊಂದರ ಬೆನ್ನು ಹೊಲಿಯುತ್ತಿದ್ದರು. ಸೂಜಿ ನಿಲ್ಲಿಸದೆಯೇ, ಯಾರ ವಿಷಯ ಎಂದು ಕೇಳಿದರು.

ಅಕ್ಕನ ವಿಷಯ ಎಂದ ಚನ್ನವೀರ. ದಾಕ್ಷಾಯಿಣಿ ಅವನಿಗಿಂತ ಹನ್ನೊಂದು ವರ್ಷಕ್ಕೆ ದೊಡ್ಡವಳು. ತಾಯಿ ಹೋದ ಮೇಲೆ ಅವನನ್ನು ಸಾಕಿದವಳು ಅವಳೇ. ಮನೆಯಲ್ಲೇ ಹೊಲಿಗೆ ಹಾಕಿಕೊಂಡು ಸಂಸಾರ ನಡೆಸಿದಳು. ಅವಳು ದನಿ ಎತ್ತಿದ್ದನ್ನು ಬೀದಿಯಲ್ಲಿ ಯಾರೂ ಕೇಳಿರಲಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಅವನು ಯಾರನ್ನು ಕರೆದುಕೊಂಡು ಹೋದರೂ ಊಟಕ್ಕೆ ಎಲೆ ಹಾಕುತ್ತಿದ್ದಳು. ಯಾರ ರವಿಕೆ ತಂದು ಕೊಟ್ಟು ನಾಳೆಗೇ ಬೇಕು ಎಂದರೂ ಹೊಲಿದುಕೊಡುತ್ತಿದ್ದಳು. ಅಂಥವಳು ಕಳೆದ ಭಾನುವಾರ ಬಾಗಿಲಿಗೆ ಅಡ್ಡ ನಿಂತಳು. ಚನ್ನವೀರನ ಹಿಂದೆ ಆರು ಜನ ಗೆಳೆಯರಿದ್ದರು. ಅಕ್ಕನ ಕೊರಳಲ್ಲಿ ಅಳತೆಯ ಟೇಪು ನೇತಾಡುತ್ತಿತ್ತು. ಇವತ್ತು ಆಗಲ್ಲ ಚನ್ನ, ಹೋಟೆಲಿಗೆ ಕರಕೊಂಡು ಹೋಗು ಎಂದಳು. ಬಾಗಿಲು ಹಾಕಿದಳು. ಒಳಗಿನಿಂದ ಅಗುಳಿ ಬಿದ್ದ ಸದ್ದು ಆರು ಜನಕ್ಕೂ ಕೇಳಿಸಿತು.

ಬರುತ್ತೇವೆಂದು ಮೊದಲೇ ಹೇಳಿದ್ದೆಯಾ ಎಂದು ಮರುಳಯ್ಯನವರು ಕೇಳಿದರು.

ಹೇಳಿರಲಿಲ್ಲ. ಆದರೆ ಇಷ್ಟು ವರ್ಷದಲ್ಲಿ ಯಾವತ್ತು ಹೇಳಿದ್ದೆ, ಅವಳು ಯಾವತ್ತು ಕೇಳಿದ್ದಳು ಎಂದ ಚನ್ನವೀರ. ಹಿಂತಿರುಗುವ ದಾರಿಯಲ್ಲಿ ಒಬ್ಬ ಗೆಳೆಯ, ಅನ್ನಪೂರ್ಣೆಗೆ ಭಾನುವಾರ ರಜವೇನಪ್ಪ ಎಂದಿದ್ದ. ಉಳಿದವರು ನಕ್ಕಿದ್ದರು. ಆ ನಗು ಇನ್ನೂ ಕಿವಿಯಲ್ಲಿದೆ ಎಂದ. ಅಕ್ಕ ಬಂದು ತಪ್ಪಾಯಿತು ಎನ್ನುವವರೆಗೆ ಆ ಹೊಸ್ತಿಲು ತುಳಿಯುವುದಿಲ್ಲ ಎಂದು ಆಣೆ ಮಾಡಿದ್ದ. ಅಕ್ಕನಿಗೆ ಅಯ್ಯನವರ ಮಾತೆಂದರೆ ಮಾತು. ಅವರು ಅವಳಿಗೆ ಬುದ್ಧಿ ಹೇಳಿ ಎರಡು ಸಾಲು ಬರೆದುಕೊಟ್ಟು, ಕೆಳಗೆ ಸಹಿ ಹಾಕಿದರೆ ಸಾಕು, ಅವಳು ದಾರಿಗೆ ಬರುತ್ತಾಳೆ. ಅದಕ್ಕಾಗಿಯೇ ಅವನು ಬಂದದ್ದು.

ಮರುಳಯ್ಯನವರು ಗಂಟು ಹಾಕಿ ದಾರವನ್ನು ಹಲ್ಲಿನಿಂದ ಕಡಿದರು. ಕಾಗದ ಆಮೇಲೆ, ಮೊದಲು ಒಂದು ಹಳೆಯ ಗಾಡಿಯ ಕತೆ ಕೇಳು ಎಂದರು. ಸೂಜಿಗೆ ಹೊಸ ದಾರ ಪೋಣಿಸುತ್ತ ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಹೆಂಗಸಿದ್ದಳು. ರೇಷ್ಮೆಹುಳು ಸಾಕುತ್ತಿದ್ದಳು. ಅವಳಲ್ಲಿ ಸಾಮಾನು ಹೇರುವ ಒಂದು ಹಳೆಯ ಗಾಡಿಯಿತ್ತು. ಇಬ್ಬರ ಕೈ ದಾಟಿ ಬಂದದ್ದನ್ನು ಗಂಡನೂ ಅವಳೂ ಕೂಡಿ ಕೊಂಡಿದ್ದರು. ಗಂಡ ತೀರಿಕೊಂಡ ಮೇಲೆ ಓಡಿಸುವುದನ್ನು ಅವಳೇ ಕಲಿತಳು. ತನ್ನ ರೇಷ್ಮೆಗೂಡನ್ನೂ ಅಕ್ಕಪಕ್ಕದ ಎರಡು ಮನೆಗಳ ಗೂಡನ್ನೂ ಹೇರಿಕೊಂಡು ಬೆಳಗಿನ ಹರಾಜಿನ ಹೊತ್ತಿಗೆ ಮಾರುಕಟ್ಟೆ ಮುಟ್ಟುತ್ತಿದ್ದಳು. ಅವಳ ಬದುಕು ಆ ಗಾಡಿಯ ಮೇಲೆ ನಿಂತಿತ್ತು. ಗಾಡಿಗೆ ಇದ್ದದ್ದು ಒಂದೇ ಕೀ. ಅದು ಸದಾ ಅವಳ ಸೊಂಟದ ಸಂಚಿಯಲ್ಲಿರುತ್ತಿತ್ತು.

ಒಂದು ದಿನ ಅವಳು ಸೊಪ್ಪು ಕೊಯ್ಯಲು ತೋಟಕ್ಕೆ ಹೋಗಿದ್ದಾಗ ಮೈದುನನ ಮಗುವಿಗೆ ಜ್ವರ ನೆತ್ತಿಗೇರಿತು. ಗಾಡಿ ಮನೆಯ ಮುಂದೆ, ಕೀ ತೋಟದಲ್ಲಿ. ಮೈದುನ ಕೈಗೆ ಸಿಕ್ಕ ಬೀರುವಿನ ಬೀಗದ ಕೈಯನ್ನೇ ತೂರಿಸಿ ಅಲ್ಲಾಡಿಸಿದ. ಹಳೆಯ ಬೀಗ, ತಿರುಗಿತು. ಗಾಡಿ ಹೊರಟಿತು, ಮಗು ಉಳಿಯಿತು. ಸಂಜೆ ಮನೆಯವರೆಲ್ಲ ಆ ಸೋಜಿಗವನ್ನು ಹೇಳಿಕೊಂಡು ನಕ್ಕರು. ಅವಳೂ ನಕ್ಕಳು.

ಈ ಕತೆಯಲ್ಲಿ ಅವಳದು ಅಂತ ಒಂದು ತಪ್ಪು ಇದ್ದರೆ ಅದು ಆ ನಗು ಎಂದರು ಮರುಳಯ್ಯನವರು. ಅದನ್ನೂ ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ, ಮಗು ಉಳಿದಿತ್ತಲ್ಲ ಎಂದೂ ಸೇರಿಸಿದರು.

ಜ್ವರಕ್ಕೆ ಹೊರಟ ಗಾಡಿ ಮುಂದಿನ ವಾರ ಮದುವೆಗೆ ಹೊರಟಿತು. ಅದರ ಮುಂದಿನ ವಾರ ಸಿಮೆಂಟು ಚೀಲಕ್ಕೆ. ಆಮೇಲೆ ಇಸ್ಪೀಟಿಗೆ. ಪಕ್ಕದ ಮನೆಯವನು ಸೈಕಲ್ ಬೀಗದ ಕೈ ಹಾಕಿ ತಿರುಗಿಸಿದ. ಅತ್ತೆಯ ಕಡೆಯ ನೆಂಟನೊಬ್ಬ ಕತ್ತರಿಯ ತುದಿ ಹಾಕಿದ. ಒಬ್ಬ ಬಾಚಣಿಗೆಯ ಹಿಡಿ ಹಾಕಿದ, ಒಬ್ಬ ಚಮಚದ ಹಿಡಿ ಹಾಕಿದ. ಅದೊಂದು ಆಟವೇ ಆಗಿಹೋಯಿತು. ಇದಕ್ಕೆ ತಿರುಗುತ್ತೋ ಅದಕ್ಕೆ ತಿರುಗುತ್ತೋ ಎಂದು ಟೀ ಅಂಗಡಿಯ ಮುಂದೆ ಪಂದ್ಯ ಕಟ್ಟಿದರು. ಊರಿನ ಯಜಮಾನರ ಉಡಿದಾರದಲ್ಲಿ ಬೆಳ್ಳಿಯ ಕಿವಿಕಡ್ಡಿಯೊಂದು ನೇತಾಡುತ್ತಿತ್ತು. ಹಿರಿಯರು, ಗಂಭೀರವಾದವರು. ಒಂದು ದಿನ ಅವರೂ ಅದನ್ನು ಬಿಚ್ಚಿ ಬೀಗಕ್ಕೆ ತೂರಿಸಿ ನೋಡಿದರು. ತಿರುಗಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಗಾಡಿ ಮನೆಗೆ ಬರುವಾಗ ಡೀಸೆಲ್ ಬರಿದಾಗಿರುತ್ತಿತ್ತು. ಹಿಂಬದಿಯಲ್ಲಿ ಕೆಸರಿರುತ್ತಿತ್ತು. ಗೂಡು ಹೇರುವ ಗಾಡಿ, ಮೂಗಿಗೆ ಗೊಬ್ಬರದ ವಾಸನೆ ಬಡಿಯಬಾರದು. ಅವಳು ಹೇರುವ ಮೊದಲು ನೀರು ಹೊತ್ತು ತೊಳೆಯುತ್ತಿದ್ದಳು. ಊರವರು ಅವಳನ್ನು ಹೊಗಳುತ್ತಿದ್ದರು. ಹೆಂಗಸೆಂದರೆ ಹೀಗಿರಬೇಕು, ಅವಳ ಗಾಡಿ ಅಂದರೆ ಊರ ಬಾವಿ ಇದ್ದ ಹಾಗೆ ಎನ್ನುತ್ತಿದ್ದರು. ಒಮ್ಮೆ ಅವಳು ಮೆಲ್ಲಗೆ, ತಗೊಂಡು ಹೋಗುವಾಗ ಒಂದು ಮಾತು ಕೇಳಿ ಎಂದಳು. ಮೈದುನ ನಕ್ಕ. "ಕೀನೇ ಬೇಡದ ಗಾಡಿಗೆ ಕೇಳೋದೇನು ಅತ್ತಿಗೆ?" ಎಂದ.

ಇಲ್ಲಿಗೆ ಬರುವಾಗ ಮರುಳಯ್ಯನವರ ದನಿ ಬದಲಾಗಿತ್ತು. ಚನ್ನವೀರ ಅದನ್ನು ಗಮನಿಸಿದ. ಅಯ್ಯನವರು ಸಿಟ್ಟು ಮಾಡಿಕೊಂಡಿದ್ದನ್ನು ಅವನು ಕಂಡಿರಲಿಲ್ಲ. ಸೂಜಿ ಹಾಳೆಗಳ ಒಳಕ್ಕೆ ಬೇಕಾದ್ದಕ್ಕಿಂತ ಬಿರುಸಾಗಿ ಹೋಗುತ್ತಿತ್ತು. ಮೈದುನನ ಮೇಲಿನ ಸಿಟ್ಟು ಇರಬೇಕು ಎಂದುಕೊಂಡ. ಅವನಿಗೂ ಆ ಮೈದುನನ ಮೇಲೆ ಸಿಟ್ಟು ಬಂದಿತ್ತು. ಎಂಥ ನಾಚಿಕೆಗೆಟ್ಟವನು ಎಂದು ಬಾಯಿಬಿಟ್ಟೇ ಹೇಳಿದ. ಮರುಳಯ್ಯನವರು ತಲೆಯೆತ್ತಿ ಅವನನ್ನು ಒಮ್ಮೆ ನೋಡಿ ಕತೆ ಮುಂದುವರಿಸಿದರು.

ಬೀಗ ಎಲ್ಲದಕ್ಕೂ ತಿರುಗುತ್ತಿತ್ತು. ಆದರೆ ಅವಳ ಕೀಗೆ ಮಾತ್ರ ದಿನದಿನಕ್ಕೆ ಬಿಗಿಯಾಗುತ್ತ ಬಂತು. ಮೊದಮೊದಲು ಕೀಯನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆದು, ಎಡಕ್ಕೆ ಒತ್ತಿ ತಿರುಗಿಸಿದರೆ ಆಗುತ್ತಿತ್ತು. ಅವಳು ಆ ಉಪಾಯ ಕಲಿತಳು. ಆಮೇಲೆ ಎರಡು ಸಲ ಬೇಕಾಯಿತು. ಆಮೇಲೆ ಹತ್ತು ಸಲ. ಬೀಗ ಹಿಡಿಯುತ್ತಿದೆ, ಯಾರಾದರೂ ನೋಡಿ ಎಂದು ಮನೆಯಲ್ಲಿ ಹೇಳಿದಳು. ನಮಗೆ ತಿರುಗುತ್ತಲ್ಲ, ನಿನ್ನ ಕೈಗುಣ ಇರಬೇಕು ಎಂದರು. ಅವಳು ತನ್ನ ಕೈಯನ್ನೇ ನೋಡಿಕೊಂಡಳು. ಕೆಲವು ದಿನ ಅದನ್ನು ನಂಬಿಯೂ ನಂಬಿದಳು. ತನ್ನ ಕೈಯೇ ಸರಿಯಿಲ್ಲ ಎಂದು.

"ಇದನ್ನು ನೆನಪಿಟ್ಟುಕೋ," ಎಂದರು ಮರುಳಯ್ಯನವರು. "ಗಾಡಿ ಕಸಿದದ್ದಕ್ಕಿಂತ ಇದು ದೊಡ್ಡ ಪಾಪ."

ಗೂಡು ಬಿಡಿಸುವ ದಿನ ಬಂತು. ಹುಳುಗಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯಿಂದ ಗೂಡು ಬಿಡಿಸಿದ ಮೇಲೆ ಕಾಯುವ ಹಾಗಿಲ್ಲ. ಚೀಲದಲ್ಲಿ ಒತ್ತಿಟ್ಟ ಗೂಡು ಒಳಗೊಳಗೇ ಬಿಸಿಯೇರುತ್ತದೆ, ಬೆವರುತ್ತದೆ, ಕಲೆಯಾಗುತ್ತದೆ. ಮೂರು ಮನೆಗಳ ಚೀಲಗಳನ್ನು ಹೇರಿಕೊಂಡು ಅವಳು ಏರಿ ಕುಳಿತಳು. ಕೀ ಹಾಕಿದಳು. ಅರ್ಧಕ್ಕೆ ನಿಂತಿತು. ಎಳೆದಳು, ಒತ್ತಿದಳು, ಊದಿದಳು. ಒಳಗೆ ಹೋಗಲಿಲ್ಲ. ಹರಾಜಿಗೆ ಎರಡೇ ತಾಸು ಉಳಿದಿತ್ತು. ಬಿಸಿಲು ಚೀಲಗಳ ಮೇಲೆ ಬರುತ್ತಿತ್ತು. ಮೈದುನ ಪಕ್ಕದೂರಿನಲ್ಲಿದ್ದ. ಅವಳು ಫೋನು ಮಾಡಿದಳು. ಅವನು ನಕ್ಕುಬಿಟ್ಟು, ಒಂದು ಕತ್ತರಿ ಹಾಕಿ ನೋಡು ಅತ್ತಿಗೆ, ಅದಕ್ಕೆ ಕೀ ಅಂದರೆ ಆಗಿಬರಲ್ಲ ಎಂದ.

ಅವಳು ಒಳಗೆ ಹೋಗಿ ಕತ್ತರಿ ತಂದಳು. ಬೀಗದ ಬಾಯಿಯವರೆಗೂ ಹಿಡಿದಳು. ಅಲ್ಲಿ ಕೈ ನಿಂತಿತು. ನನ್ನ ಗಾಡಿಗೆ ನಾನೇ ಕಳ್ಳಿಯ ಹಾಗೆ ಕೈ ಹಾಕಬೇಕೇ ಎಂದು ಅವಳಿಗೆ ಅನ್ನಿಸಿತು. ಎಷ್ಟೋ ವರ್ಷದ ಸಿಟ್ಟು ಆ ಹೊತ್ತಿಗೆ ಒಟ್ಟಿಗೆ ಬಂತು. ಕತ್ತರಿಯನ್ನು ಬೀದಿಗೆ ಎಸೆದಳು. ರಸ್ತೆಗೆ ನಡೆದುಹೋಗಿ ಮೆಕ್ಯಾನಿಕ್ಕನ್ನು ಕರೆದುಕೊಂಡು ಬಂದಳು.

ಅವನು ಮೊದಲು ಬ್ಯಾಟರಿಯ ತಂತಿ ಬಿಚ್ಚಿದ. ಸ್ಟಿಯರಿಂಗಿನ ಕೆಳಗಿನ ಮುಚ್ಚಳ ತೆಗೆದ. ಬೀಗ ಹಿಡಿದಿದ್ದ ಬೋಲ್ಟುಗಳಿಗೆ, ಕಳ್ಳರು ಬಿಚ್ಚದಿರಲೆಂದು, ತಲೆಯೇ ಇರಲಿಲ್ಲ. ಉಳಿಯಿಟ್ಟು ಸುತ್ತಿಗೆಯಿಂದ ಹೊಡೆದು ಹೊಡೆದು ತಿರುಗಿಸಿದ. ಅದಕ್ಕೇ ಒಂದು ತಾಸು ಹೋಯಿತು. ಬೇಕಾದರೆ ಬೀಗವೇ ಬೇಡಮ್ಮ, ಒಂದು ಬಟನ್ ಹಾಕಿಬಿಡುತ್ತೇನೆ, ಹಳೆ ಗಾಡಿಗೆಲ್ಲ ಹಾಗೇ ಮಾಡುವುದು, ಯಾರು ಒತ್ತಿದರೂ ಸ್ಟಾರ್ಟ್ ಆಗುತ್ತದೆ ಎಂದ. ಅವಳು ಅವನ ಮುಖವನ್ನು ನೋಡಿದ ರೀತಿಗೆ ಅವನು ಮತ್ತೆ ಬಟನ್ ಮಾತೆತ್ತಲಿಲ್ಲ. ಇದನ್ನೇ ಸರಿಮಾಡಲು ಆಗುವುದಿಲ್ಲವೇ, ಇಷ್ಟು ದಿನ ಎಲ್ಲದಕ್ಕೂ ತಿರುಗುತ್ತಿತ್ತಲ್ಲ ಎಂದು ಅವಳು ಕೇಳಿದಳು.

"ಎಲ್ಲದಕ್ಕೂ ತಿರುಗುವಾಗಲೇ ಅದು ಸತ್ತಿತ್ತಮ್ಮ," ಎಂದ ಅವನು. "ನೀವೆಲ್ಲ ಅದನ್ನು ಒಳ್ಳೇ ಬೀಗ ಅಂದುಕೊಂಡಿರಿ."

ಹೊಸ ಬೀಗ ಕೂತಿತು. ಹೊಸ ಕೀ ಬೆಣ್ಣೆಯಲ್ಲಿ ತಿರುಗಿದ ಹಾಗೆ ತಿರುಗಿತು. ಆದರೆ ಅವಳು ಮಾರುಕಟ್ಟೆ ಮುಟ್ಟುವಾಗ ಹರಾಜು ಮುಗಿದಿತ್ತು. ಅಡಿಯ ಚೀಲಗಳ ಗೂಡು ಕಲೆಯಾಗಿತ್ತು. ತಿಂಗಳ ದುಡಿಮೆಯನ್ನು ಸಿಕ್ಕವರ ಕೈಗೆ ಸಿಕ್ಕಷ್ಟಕ್ಕೆ ಕೊಟ್ಟು ಬಂದಳು.

ಮರುದಿನ ಬೆಳಿಗ್ಗೆ ಮೈದುನ ಎಂದಿನಂತೆ ಬೀರುವಿನ ಬೀಗದ ಕೈ ಹಿಡಿದು ಗಾಡಿ ಏರಿದ. ತಿರುಗಲಿಲ್ಲ. ಅಲ್ಲಾಡಿಸಿದ. ಸ್ಟಿಯರಿಂಗು ಗಟ್ಟಿಯಾಗಿ ನಿಂತಿತ್ತು. ಅದನ್ನು ಹಿಡಿದು ಎಳೆದಾಡಿ ಭುಜ ಉಳುಕಿಸಿಕೊಂಡ. ಕೆಳಗಿಳಿದು, ಅತ್ತಿಗೆ, ಗಾಡಿ ಕೆಟ್ಟಿದೆ ಎಂದು ಕೂಗಿದ.

ಗಾಡಿ ಸರಿಯಾಗಿದೆ ಎಂದಳು ಅವಳು ಒಳಗಿನಿಂದ.

ಹೊತ್ತೇರುವುದರೊಳಗೆ ಊರಿಗೆಲ್ಲ ಸುದ್ದಿ. ಗಾಡಿಗೆ ಬೀಗ ಹಾಕಿಸಿದ್ದಾಳಂತೆ. ಮನೆಯವರಿಗೇ ಕೀ ಇಲ್ಲವಂತೆ. ಗಂಡ ಹೋದ ಮೇಲೆ ಹೆಂಗಸಿಗೆ ಎಷ್ಟು ಸೊಕ್ಕು ನೋಡಿ. ನಿನ್ನೆಯವರೆಗೆ ಬಾವಿಯಾಗಿದ್ದವಳು ಒಂದೇ ಬೆಳಿಗ್ಗೆಗೆ ಕಲ್ಲಾದಳು. ಇಷ್ಟು ದಿನ ತೋರಿಸಿದ್ದೆಲ್ಲ ನಾಟಕ ಎಂದೂ ಯಾರೋ ಅಂದರು.

ಚನ್ನವೀರ ಇಲ್ಲಿ ಸ್ವಲ್ಪ ಮಿಸುಕಾಡಿದ. ಆ ಮಾತು ಅವನಿಗೆ ಎಲ್ಲಿಯೋ ಕೇಳಿದಂತಿತ್ತು. ಆದರೂ ಸುಮ್ಮನಿರಲಾರದೆ, ಮನೆಗೆ ಅಂತ ಒಂದು ಕೀ ಕೊಟ್ಟಿದ್ದರೆ ಮುಗಿದುಹೋಗುತ್ತಿತ್ತಲ್ಲ ಅಯ್ಯನವರೇ ಎಂದ.

ಯಜಮಾನರೂ ಅದನ್ನೇ ಹೇಳಿದರು ಎಂದರು ಮರುಳಯ್ಯನವರು.

ಅರಳಿಕಟ್ಟೆಯಲ್ಲಿ ಎಲ್ಲರೂ ಸೇರಿದರು. ಅವಳನ್ನು ಕರೆಸಿದರು. ಅವಳು ಬರುವಾಗ ಕೈಯಲ್ಲಿ ಒಂದು ಊಟದ ತಟ್ಟೆಯಿತ್ತು, ಬಟ್ಟೆಯಲ್ಲಿ ಕಟ್ಟಿದ ಹಳೆಯ ಬೀಗವಿತ್ತು. ಮೆಕ್ಯಾನಿಕ್ಕನ್ನೂ ಕರೆದುಕೊಂಡು ಬಂದಿದ್ದಳು. ನಾವು ಏನು ತಪ್ಪು ಮಾಡಿದೆವು ಹೇಳಲಿ ಎಂದು ಮೈದುನ ಸವಾಲು ಹಾಕಿದ. ಬಾಡಿಗೆಗೆ ಕೊಟ್ಟೆವೇ, ಮಾರಿದೆವೇ, ಓಡಿಸಿದ ಮೇಲೆ ತಂದು ನಿಲ್ಲಿಸಲಿಲ್ಲವೇ. ಹೌದು ಹೌದು ಎಂದರು ನಾಲ್ಕು ಜನ. ಅವಳು ಬೀಗವನ್ನು ಮೆಕ್ಯಾನಿಕ್ಕನ ಕೈಗೆ ಕೊಟ್ಟು, ಎಲ್ಲರ ಮುಂದೆ ಬಿಚ್ಚು ಎಂದಳು.

ಅವನು ಬಿಚ್ಚಿ ತಟ್ಟೆಯ ಮೇಲೆ ಬೋರಲು ಹಾಕಿ ತಟ್ಟಿದ. ಮೊದಲು ಬಿದ್ದದ್ದು ಹಿತ್ತಾಳೆಯ ಪುಡಿ. ಆಮೇಲೆ ಬೀರುವಿನ ಬೀಗದ ಕೈಯ ಮುರಿದ ಮೂತಿ. ಸೈಕಲ್ ಬೀಗದ ಕೈಯ ಒಂದು ಹಲ್ಲು. ಕತ್ತರಿಯ ಮೊನೆ. ಬಾಚಣಿಗೆಯ ಹಿಡಿಯ ಕೆಂಪು ಪ್ಲಾಸ್ಟಿಕ್ಕಿನ ಚೂರು. ಅವನು ಸೂಜಿಯಿಂದ ಕೆದಕಿದ. ಎಲ್ಲಕ್ಕಿಂತ ಒಳಗಿನಿಂದ, ಅವಳ ಕೀಯನ್ನು ಅರ್ಧಕ್ಕೆ ತಡೆದಿದ್ದ ಜಾಗದಿಂದ, ಹೊಳೆಯುವುದೊಂದು ಬಿತ್ತು. ಬೆಳ್ಳಿಯ ಚೂರು. ಮೋಟು ತುದಿಗಳೆಲ್ಲ ಅದರ ಈಚೆಗೇ ತಿರುಗುತ್ತಿದ್ದವು, ಪೂರ್ತಿ ಉದ್ದದ ಕೀ ಮಾತ್ರ ಅದಕ್ಕೆ ಬಡಿದು ನಿಲ್ಲುತ್ತಿತ್ತು ಎಂದು ಮೆಕ್ಯಾನಿಕ್ ತೋರಿಸಿದ. ಯಜಮಾನರ ಕೈ ಅವರಿಗೆ ತಿಳಿಯದೆಯೇ ಉಡಿದಾರಕ್ಕೆ ಹೋಯಿತು.

ಆದರೂ ಅವರು ಯಜಮಾನರು. ಆದದ್ದು ಆಗಿಹೋಯಿತು ತಾಯಿ, ನೀನು ತಾಳ್ಮೆಯವಳು, ಊರಿಗೇ ಗೊತ್ತು. ದೊಡ್ಡ ಮನಸ್ಸು ಮಾಡಿ ಒಂದು ಕೀಯನ್ನು ಬಾಗಿಲ ಮೊಳೆಗೆ ತೂಗುಹಾಕು ಎಂದರು.

ಚೂರುಗಳು ಇನ್ನೂ ಅವರ ಕಣ್ಣ ಮುಂದೆಯೇ ಇದ್ದವು. ಆದರೂ ಆ ಮಾತು ಅವರ ಬಾಯಿಂದ ಬಂತು.

ಅವಳು ಎದ್ದು ನಿಂತಳು. "ನೀವು ತಾಳ್ಮೆಯವಳು ಅಂತ ಹೊಗಳಿದಾಗೆಲ್ಲ ಒಳಗೆ ಒಂದು ಚೂರು ಮುರಿಯುತ್ತಿತ್ತು," ಎಂದಳು. "ಯಾರೂ ಬಂದು ಮುರಿಯಿತಾ ಅಂತ ಕೇಳಲಿಲ್ಲ. ಇವತ್ತು ತಿರುಗಲಿಲ್ಲ ಅಂದ ಕೂಡಲೇ ಊರೆಲ್ಲ ಸೇರಿದ್ದೀರಿ. ಕೀ ಮೊಳೆಗೆ ಬರುವುದಿಲ್ಲ. ಗಾಡಿ ಬೇಕಾದವರು ನನ್ನನ್ನು ಕೇಳಿ. ಆಗುವುದಾದರೆ ಕೊಡುತ್ತೇನೆ, ಆಗದಿದ್ದರೆ ಆಗಲ್ಲ ಅನ್ನುತ್ತೇನೆ."

ಇಷ್ಟು ಹೇಳಿ ಹೊರಟಳು. ತಟ್ಟೆಯನ್ನು ಎತ್ತಿಕೊಳ್ಳಲಿಲ್ಲ. ಮೆಕ್ಯಾನಿಕ್ ನೆನಪಿಸಿದ. ಇರಲಿ, ಅವರವರದು ಅವರವರು ತೆಗೆದುಕೊಳ್ಳಲಿ ಎಂದಳು.

ಮರುಳಯ್ಯನವರು ಕತೆ ನಿಲ್ಲಿಸಿದರು. ಪುಸ್ತಕದ ಹೊಲಿಗೆಯೂ ಮುಗಿದಿತ್ತು. ಅದನ್ನು ಎರಡು ಸಲ ತೆರೆದು ಮುಚ್ಚಿ ನೋಡಿ ಪಕ್ಕಕ್ಕಿಟ್ಟರು.

ಮುಂದೆ ಏನೋ ಇರಬೇಕು ಎಂದು ಚನ್ನವೀರನಿಗೆ ಅನ್ನಿಸಿತ್ತು. ಅವಳು ತಪ್ಪೊಪ್ಪಿಕೊಂಡಳೇ, ಮೈದುನ ಕ್ಷಮೆ ಕೇಳಿದನೇ, ಏನೂ ಇಲ್ಲದೆ ಕತೆ ಹೇಗೆ ಮುಗಿಯುತ್ತದೆ. ಅವನ ಕಣ್ಣಿಗೆ ಭಾನುವಾರದ ಬಾಗಿಲು ಬಂತು. ಅಕ್ಕನ ಕೊರಳಿನ ಟೇಪು ಬಂತು. ಅವಳ ಹಿಂದೆ, ಹೊಲಿಗೆ ಯಂತ್ರದ ಮೇಲೆ, ಅರ್ಧ ಹೊಲಿದ ರವಿಕೆಗಳ ರಾಶಿ ಬಂತು. ಆ ದಿನ ಅದನ್ನು ನೋಡಿದ್ದ. ನೋಡಿದ್ದೆ ಎಂಬುದು ಈಗ ಗೊತ್ತಾಯಿತು. ಆ ರಾಶಿಯಲ್ಲಿ ಎರಡು ರವಿಕೆ ಅವನೇ ಯಾರಿಗೋ ಮಾತು ಕೊಟ್ಟು ತಂದುಹಾಕಿದ್ದವು. ಅದನ್ನು ದೂರ ತಳ್ಳುವವನಂತೆ ಅವನು ಬೇಗನೆ ಕೇಳಿದ.

"ತಟ್ಟೆಯಲ್ಲಿದ್ದದ್ದನ್ನು ಕೊನೆಗೆ ಯಾರು ತೆಗೆದುಕೊಂಡರು ಅಯ್ಯನವರೇ?"

ಮರುಳಯ್ಯನವರು ಮೇಜಿನ ಗೂಡಿನಿಂದ ಒಂದು ಬಿಳಿ ಹಾಳೆ ತೆಗೆದರು. ಪೆನ್ನಿನ ಮುಚ್ಚಳ ಬಿಚ್ಚಿದರು. ಎರಡನ್ನೂ ಚನ್ನವೀರನ ಮುಂದೆ ಇಟ್ಟರು.

"ಆ ತಟ್ಟೆಯಲ್ಲಿ ನಿನ್ನ ಚೂರು ಯಾವುದು ಅಂತ ನಿನ್ನ ಅಕ್ಕನಿಗೆ ಬರೆ, ಕೆಳಗೆ ನಾನು ಸಹಿ ಹಾಕುತ್ತೇನೆ."